ಹಾಡಿಯ ಪಾಠ

ಮೈಸೂರು, ಕೊಡಗಿನ ಕಡೆಯವರಿಗೆ ‘ಹಾಡಿ’ ಎಂದರೆ ಕಾಡಿನೊಳಗೆ ವಾಸಿಸುವ ಜನರ ಕೇರಿ. ಕುಂದಾಪುರದ ಸೀಮೆಯಲ್ಲಿ ಹುಟ್ಟಿದ ನಮಗಾದರೋ ಹಾಡಿಯೆಂದರೆ ಮನೆಯ ಹಿಂದಣ ಮರಗಳ ಗುಂಪು. ಗದ್ದೆಯ ಅಂಚು ಮುಗಿಯುವಲ್ಲಿ ಮೊದಲಾಗಿ, ಎಲ್ಲಿಂದ ಕಾಡೆನ್ನಬೇಕೆಂದು ಹೇಳಲು ಬಾರದಂತೆ ಘಟ್ಟದ ಬುಡದವರೆಗೆ ಹಬ್ಬಿದ ನೆರಳು. ಗದ್ದೆಗೆ ಸೊಪ್ಪು, ಒಲೆಗೆ ಕಟ್ಟಿಗೆ, ಕೊಟ್ಟಿಗೆಗೆ ತರಗೆಲೆ, ಎಲ್ಲವೂ ಅಲ್ಲಿಂದಲೇ ಬರಬೇಕು. ಸರಕಾರದ ಕಾಗದಗಳಲ್ಲಿ ಅದರ ಒಂದಷ್ಟು ಭಾಗಕ್ಕೆ ‘ಕುಮ್ಕಿ’ ಎಂಬ ಹೆಸರಿದೆ. ಹುಡುಗರಾದ ನಮಗೆ ಆ ಹೆಸರಿನ ಗೊಡವೆ ಇರಲಿಲ್ಲ. ಶಾಲೆ ಬಿಟ್ಟ ಮೇಲೆ ಗಂಟಿಗಳನ್ನು ಹೊಡೆದುಕೊಂಡು ಅಪ್ಪನ ಹಿಂದೆ ಹಾಡಿಗೆ ಹೋಗುವುದು, ಕತ್ತಲಾಗುವ ಮೊದಲು ಹಿಂದಿರುಗುವುದು, ಇಷ್ಟೇ ಗೊತ್ತು.

ನಾನೀಗ ಕುಂದಾಪುರದ ಪೇಟೆಯಲ್ಲಿ ಮನೆ ಮಾಡಿಕೊಂಡಿರುವ ಮೇಷ್ಟ್ರು. ಎರಡು ವರ್ಷಗಳ ಹಿಂದೆ, ಮೇ ತಿಂಗಳ ಕೊನೆಯಲ್ಲಿ, ಹನ್ನೊಂದು ವರ್ಷದ ಮಗಳನ್ನೂ ಎಂಟು ವರ್ಷದ ಮಗನನ್ನೂ ಕರೆದುಕೊಂಡು ಬೈಂದೂರು ತಾಲೂಕಿನ ಜಡ್ಕಲ್ ಕಡೆಯ ನನ್ನ ಹುಟ್ಟೂರಿಗೆ ಹೋಗಿದ್ದೆ. ಮಕ್ಕಳಿಗೆ ಕಾಡನ್ನು ಪರಿಚಯಿಸಬೇಕೆಂಬ ಹುಮ್ಮಸ್ಸು. ಕೈಯಲ್ಲಿ ಸಸ್ಯಗಳ ಚಿತ್ರವುಳ್ಳ ಪುಸ್ತಕವೂ ಇತ್ತು. ಮಧ್ಯಾಹ್ನದ ಮೇಲೆ ಹಾಡಿಯೊಳಗೆ ಅಲೆಯುತ್ತಿದ್ದಾಗ ಘಟ್ಟದ ಕಡೆಯಿಂದ ಮೋಡವೆದ್ದು ಹನಿಗಳು ದಪ್ಪವಾಗಿ ಬೀಳತೊಡಗಿದವು. ಎಲೆ ದಟ್ಟವಾಗಿದ್ದ ಒಂದು ಮರವನ್ನು ನೋಡಿ ಮಕ್ಕಳಿಬ್ಬರನ್ನೂ ಅದರ ಅಡಿಗೆ ನಿಲ್ಲಿಸಿದೆ. ಮಗಳು ಕಾಂಡಕ್ಕೆ ಒರಗಿ ನಿಂತಳು. ಅರ್ಧ ಗಂಟೆಯಲ್ಲಿ ಮಳೆ ನಿಂತಿತು, ನಾವು ನಗುನಗುತ್ತ ಮನೆಗೆ ಬಂದೆವು.

ಮರುದಿನ ಬೆಳಗ್ಗೆ ಮಗಳಿಗೆ ಕಣ್ಣು ತೆರೆಯಲಾಗಲಿಲ್ಲ. ಮುಖವೆಲ್ಲ ಬಾತು, ಕುತ್ತಿಗೆಯ ಮೇಲೂ ತೋಳುಗಳ ಮೇಲೂ ನೀರ್ಗುಳ್ಳೆಗಳೆದ್ದಿದ್ದವು. ನೆರೆಮನೆಯ ಮುದುಕಿ ಬಾಗಿಲಲ್ಲಿ ನಿಂತು ನೋಡಿದವಳೇ, ಯಾವ ಮರದ ಅಡಿಯಲ್ಲಿ ನಿಂತಿದ್ದಿರಿ ಎಂದು ಕೇಳಿದಳು. ನನಗೆ ಹೇಳಲು ತಿಳಿಯಲಿಲ್ಲ. ಪುಸ್ತಕದಲ್ಲಿ ಆ ಮರದ ಚಿತ್ರವಿತ್ತು. ಹಿಂದಿನ ರಾತ್ರಿಯೇ ಆ ಪುಟವನ್ನು ನಾನು ಓದಿಯೂ ಇದ್ದೆ. ವೈದ್ಯರ ಔಷಧಿಯಿಂದ ಐದಾರು ದಿನಗಳಲ್ಲಿ ಬಾವು ಇಳಿಯಿತು. ಆದರೆ ಆ ಐದಾರು ದಿನ ಮಗಳ ಮುಖ ನೋಡುತ್ತ ಕುಳಿತ ತಂದೆಗೆ ಏನೆನ್ನಿಸಿತೆಂಬುದನ್ನು ವಿವರಿಸಬೇಕಾದ ಅಗತ್ಯವಿಲ್ಲ.

ಅದು ಹೊಳಗೇರಿನ ಮರ. ಮಾವು, ಗೇರುಗಳ ಕುಲದ್ದೇ. ಗೇರುಬೀಜದ ಸಿಪ್ಪೆಯ ಎಣ್ಣೆ ತಾಗಿ ತುಟಿ ಸುಟ್ಟುಕೊಂಡವರಿಗೆ ಆ ಕುಲದ ಗುಣ ಗೊತ್ತಿರುತ್ತದೆ. ಹೊಳಗೇರಿನ ಸೊನೆ ಅದಕ್ಕಿಂತಲೂ ಉಗ್ರ. ಎಲೆಯಿಂದ ತೊಟ್ಟಿಕ್ಕುವ ಮಳೆಹನಿಯೂ ಸಾಕು. ಗಾಳಿಗೆ ಒಡ್ಡಿದ ಸೊನೆ ಕಪ್ಪಾಗುವುದರಿಂದ ಕಾಂಡದ ಮೇಲೆ ಮಸಿ ಸುರಿದಂತಹ ಗೆರೆಗಳಿರುತ್ತವೆ. ಎಲೆಗಳು ರೆಂಬೆಯ ತುದಿಯಲ್ಲಿ ಗೊಂಚಲಾಗಿದ್ದು, ಎಲೆಯ ತೊಟ್ಟಿನ ಮೇಲೆ ಸಣ್ಣ ಮುಳ್ಳಿನಂತಹ ಎರಡು ಮೊನೆಗಳು ಕಾಣುತ್ತವೆ. ಇಷ್ಟು ಗುರುತುಗಳಿರುವ ಮರವನ್ನು ನಾನು ಗುರುತಿಸದೆ ಹೋದೆ. ಅದೇ ಹಾಡಿಯಲ್ಲಿ ನನ್ನ ಅಪ್ಪ ನನ್ನನ್ನು ಹತ್ತು ವರ್ಷ ನಡೆಸಿಕೊಂಡು ಹೋಗಿದ್ದರು. ಒಮ್ಮೆಯೂ ನನಗೆ ಇಂತಹ ಬಾಧೆ ತಗುಲಿರಲಿಲ್ಲ. ಈಗ ಯೋಚಿಸಿದರೆ, ಅವರು ಆ ಮರವನ್ನು ಸುತ್ತಿ ಹೋಗುತ್ತಿದ್ದರು, ನಾನು ಅವರ ಹಿಮ್ಮಡಿ ನೋಡುತ್ತ ಸುತ್ತಿ ಹೋಗುತ್ತಿದ್ದೆ. ಅವರು ಕಲಿಸಲಿಲ್ಲವೋ, ನಾನು ಕಲಿಯಲಿಲ್ಲವೋ ಎಂಬುದು ನನ್ನನ್ನು ಬಹಳ ದಿನ ಕಾಡಿತು.

ಕಲಿಸಲಿಲ್ಲವೆಂದರೆ ಅನ್ಯಾಯವಾದೀತು. ‘ಕಂಡ್ಕಂಡ್ ಹೋಯ್ಕ್ ಮಗಾ’ ಎಂಬ ಅವರ ಮಾತು ಇಂದಿಗೂ ಕಿವಿಯಲ್ಲಿದೆ. ಕಾಸರಕನ ಹಣ್ಣನ್ನು ಅವರೇ ತೋರಿಸಿದ್ದರು. ಸಣ್ಣ ಕಿತ್ತಳೆಯಂತೆ ನುಣುಪಾಗಿ ಹೊಳೆಯುವ ಆ ಹಣ್ಣನ್ನು ನೋಡಿದರೆ ಯಾವ ಮಗುವಿಗೂ ಬಾಯಲ್ಲಿ ನೀರೂರುತ್ತದೆ. ಮಂಗಟ್ಟೆ ಹಕ್ಕಿ ತಿನ್ನುತ್ತದಲ್ಲ, ನಾವೇಕೆ ತಿನ್ನಬಾರದು ಎಂದು ನಾನು ಕೇಳಿದ್ದೆ. ಹಕ್ಕಿ ತಿರುಳನ್ನು ನುಂಗಿ ಬೀಜವನ್ನು ಉಗುಳುತ್ತದೆ, ನಿನಗೆ ಕೊಕ್ಕಿದೆಯೇ ಎಂದು ಅಪ್ಪ ನಕ್ಕರು. ಆ ಬೀಜದಲ್ಲಿರುವ ವಿಷಕ್ಕೆ ಸ್ಟ್ರಿಕ್ನಿನ್ ಎಂಬ ಹೆಸರೆಂಬುದನ್ನು ನಾನು ಕಾಲೇಜಿನಲ್ಲಿ ಓದಿದ್ದು. ಹಕ್ಕಿ ತಿಂದದ್ದನ್ನೆಲ್ಲ ಮನುಷ್ಯ ತಿನ್ನಬಹುದೆಂಬ ಮಾತನ್ನು ವಿದ್ಯಾವಂತರ ಬಾಯಲ್ಲೂ ಕೇಳಿದ್ದೇನೆ. ಅದಕ್ಕಿಂತ ಅಪಾಯದ ಸೂತ್ರ ಇನ್ನೊಂದಿಲ್ಲ.

ದಾರಿ ತಪ್ಪಿದರೆ ಏನು ಮಾಡಬೇಕೆಂಬುದನ್ನೂ ಹೇಳಿಕೊಟ್ಟಿದ್ದರು. ನಮ್ಮದು ಅಗಲ ಕಡಿಮೆಯ ನಾಡು. ಕೊಲ್ಲೂರಿನಿಂದ ಕಡಲಿಗೆ ನೇರವಾಗಿ ಅಳೆದರೆ ಸುಮಾರು 20 ಕಿಲೋಮೀಟರು. ಮೂಡಲಲ್ಲಿ ಗೋಡೆಯಂತೆ ಘಟ್ಟ, ಅದರ ನೆತ್ತಿಯಲ್ಲಿ 1343 ಮೀಟರ್ ಎತ್ತರದ ಕೊಡಚಾದ್ರಿ, ಪಡುವಲಲ್ಲಿ ಸಮುದ್ರ. ಸೌಪರ್ಣಿಕಾ, ಚಕ್ರಾ, ವಾರಾಹಿ ಮೊದಲಾದ ಐದು ನದಿಗಳು ಗಂಗೊಳ್ಳಿಯ ಬಳಿ ಒಂದಾಗಿ ಕಡಲು ಸೇರುತ್ತವೆ. ಆದುದರಿಂದ ಹಾಡಿಯಲ್ಲಿ ಸಿಕ್ಕಿಬಿದ್ದವನು ನೀರು ಹೋದತ್ತ ಹೋದರೆ ಗದ್ದೆ ಸಿಗುತ್ತದೆ, ಗದ್ದೆ ಸಿಕ್ಕಿದರೆ ಮನೆ ಸಿಗುತ್ತದೆ. ಆದರೆ ಅಪ್ಪ ಇಷ್ಟಕ್ಕೇ ನಿಲ್ಲಿಸುತ್ತಿರಲಿಲ್ಲ. ಘಟ್ಟದ ಮೇಲಿದ್ದಾಗ ಈ ಲೆಕ್ಕ ಹಿಡಿಯಬೇಡ, ಅಲ್ಲಿ ನೀರಿನ ಹಿಂದೆ ಹೋದವನು ಅಬ್ಬಿಯ ನೆತ್ತಿಯಲ್ಲಿ ನಿಲ್ಲುತ್ತಾನೆ ಎನ್ನುತ್ತಿದ್ದರು. ಕೆಳಗೆ ನಿಜವಾದದ್ದು ಮೇಲೆ ಸುಳ್ಳು. ಯಾವ ಪಠ್ಯಪುಸ್ತಕವೂ ತನ್ನ ಸೂತ್ರದ ಎಲ್ಲೆಯನ್ನು ಇಷ್ಟು ಪ್ರಾಮಾಣಿಕವಾಗಿ ಹೇಳಿದ್ದನ್ನು ನಾನು ಕಂಡಿಲ್ಲ.

ಮನೆಗೆ ಬಂದ ಮೇಲೆ ಬಿಸಿನೀರಿನ ಸ್ನಾನ. ಕಿವಿಯ ಹಿಂದೆ, ಕಂಕುಳಲ್ಲಿ, ಮಂಡಿಯ ಸಂದಿಯಲ್ಲಿ ಉಣುಗು ಹತ್ತಿದೆಯೇ ಎಂದು ಹುಡುಕುವುದು. ಘಟ್ಟದ ಆಚೆ ಸೊರಬ ತಾಲೂಕಿನ ಕ್ಯಾಸನೂರಿನ ಕಾಡಿನಲ್ಲಿ 1957ರಲ್ಲಿ ಮಂಗನ ಕಾಯಿಲೆ ಮೊದಲು ಪತ್ತೆಯಾಯಿತಷ್ಟೆ. ಅದನ್ನು ಹರಡುವುದು ಉಣುಗು. ಕಾಡಿನಲ್ಲಿ ಮಂಗ ಸತ್ತು ಬಿದ್ದಿದ್ದರೆ ಹತ್ತಿರ ಹೋಗದೆ ಹಿಂದಿರುಗಬೇಕೆಂದು ಅಪ್ಪ ಕಟ್ಟಪ್ಪಣೆ ಮಾಡಿದ್ದರು. (ಅಪ್ಪನ ಮಾತನ್ನೇ ಆಡುತ್ತಿದ್ದೇನೆ. ಆಷಾಢದಲ್ಲಿ ಯಾವ ಸೊಪ್ಪು ತಿನ್ನಬಹುದು, ಒಂದೆಲಗ ಎಲ್ಲಿ ಬೆಳೆಯುತ್ತದೆ, ಚಗಟೆಯ ಕುಡಿ ಎಷ್ಟು ಎಳೆಯದಿರಬೇಕು ಎಂಬ ವಿಷಯಗಳಲ್ಲಿ ಅಮ್ಮನ ಮುಂದೆ ಅವರು ಬಾಯಿ ತೆರೆಯುತ್ತಿರಲಿಲ್ಲ.)

ಹೀಗಿರುವಾಗ, ಮಗಳ ಬಾವು ಇಳಿಯುತ್ತಿದ್ದ ದಿನಗಳಲ್ಲಿ ನನಗೆ ನೆನಪಾದದ್ದು ನಮ್ಮ ನೆರೆಯವರೇ ಆದ ಇನ್ನೊಬ್ಬ ತಂದೆ. ಕುಂದಾಪುರದಿಂದ ಬ್ರಹ್ಮಾವರದ ಕಡೆಗೆ ಹೋಗುವಾಗ ದಾರಿಯಲ್ಲಿ ಕೋಟ ಸಿಗುತ್ತದೆ. 1902ರ ಅಕ್ಟೋಬರ್ 10ರಂದು ಶಿವರಾಮ ಕಾರಂತರು ಹುಟ್ಟಿದ್ದು ಅಲ್ಲಿ. ಕೋಟ ಕಾಡಿನ ಊರಲ್ಲ. ಮರಳು, ಹಿನ್ನೀರು, ತೆಂಗುಗಳ ಊರು. ಆ ಕಡಲಬದಿಯ ಹುಡುಗ ದೊಡ್ಡವನಾಗಿ ದೂರದ ಪುತ್ತೂರಿನ ಗುಡ್ಡದ ಮೇಲೆ ‘ಬಾಲವನ’ವನ್ನು ಕಟ್ಟಿದ, ಮಕ್ಕಳ ಶಿಕ್ಷಣದ ಪ್ರಯೋಗಗಳನ್ನು ನಡೆಸಿದ, ‘ಬಾಲ ಪ್ರಪಂಚ’ವನ್ನು ಬರೆದ. ಬೇರೆಯವರ ಮಕ್ಕಳಿಗಾಗಿ ಪುಸ್ತಕ ಬರೆದ ಕಾರಂತರು ತಮ್ಮ ಮಕ್ಕಳನ್ನು ಮೊದಲ ವರ್ಷಗಳಲ್ಲಿ ಶಾಲೆಗೆ ಕಳುಹಿಸದೆ ಮನೆಯಲ್ಲಿಯೇ ಬೆಳೆಸಿದರು. ಅವರ ಮಕ್ಕಳಾದ ಉಲ್ಲಾಸ ಕಾರಂತ, ಮಾಳವಿಕಾ ಕಪೂರ್, ಕ್ಷಮಾ ರಾವ್ ಮೂವರೂ ಸೇರಿ 2021ರಲ್ಲಿ ಹೊರತಂದ ‘ಗ್ರೋಯಿಂಗ್ ಅಪ್ ಕಾರಂತ್’ ಎಂಬ ಇಂಗ್ಲಿಷ್ ಪುಸ್ತಕ ಆ ಬಾಲ್ಯದ ನೆನಪುಗಳದ್ದು.

1948ರಲ್ಲಿ ಹುಟ್ಟಿದ ಉಲ್ಲಾಸರು ಹಕ್ಕಿಗಳನ್ನು ನೋಡುತ್ತ ಬೆಳೆದ ಹುಡುಗ. ಸುರತ್ಕಲ್ಲಿನಲ್ಲಿ ಎಂಜಿನಿಯರಿಂಗ್ ಓದಿದರು, ಬೇಸಾಯವನ್ನೂ ಮಾಡಿದರು. ಕೊನೆಗೆ ಎಲ್ಲವನ್ನೂ ಬಿಟ್ಟು ಕಾಡಿಗೇ ಮರಳಿದರು. ನಾಗರಹೊಳೆಯಲ್ಲಿ 1990ರಲ್ಲಿ ಹುಲಿಗಳಿಗೆ ರೇಡಿಯೋ ಪಟ್ಟಿ ತೊಡಿಸಿ ಅವುಗಳ ಸಂಚಾರವನ್ನು ಹಿಂಬಾಲಿಸಿದರು. ಹೆಜ್ಜೆಗುರುತುಗಳಿಂದ ಹುಲಿಗಳನ್ನು ಎಣಿಸುವ ಹಳೆಯ ಪದ್ಧತಿ ನಂಬತಕ್ಕದ್ದಲ್ಲವೆಂದು ವಾದಿಸಿ, ಒಂದರ ಮೈಪಟ್ಟೆಯಂತೆ ಇನ್ನೊಂದರದು ಇರುವುದಿಲ್ಲವೆಂಬ ಆಧಾರದ ಮೇಲೆ, ಕಾಡುದಾರಿಯಲ್ಲಿ ತಾನಾಗಿ ಚಿತ್ರ ತೆಗೆಯುವ ಕ್ಯಾಮರಾಗಳನ್ನಿಟ್ಟು ಲೆಕ್ಕ ಹಾಕಿದರು. ಅವರ ಮಗಳು ಕೃತಿ ಕಾರಂತರೂ ವನ್ಯಜೀವಿ ವಿಜ್ಞಾನಿ. ಕಾಡಿನಂಚಿನ ಶಾಲೆಗಳ ಮಕ್ಕಳಿಗಾಗಿ ‘ವೈಲ್ಡ್ ಶಾಲೆ’ ಎಂಬ ಕಾರ್ಯಕ್ರಮವನ್ನು ಆರಂಭಿಸಿದವರು. ಅಜ್ಜ ಗುಡ್ಡದ ಮೇಲೆ ಮಾಡಿದ್ದನ್ನು ಮೊಮ್ಮಗಳು ಬೇರೊಂದು ರೀತಿಯಲ್ಲಿ ಮುಂದುವರಿಸಿದ್ದಾರೆ ಎನ್ನಬಹುದು.

ಮಕ್ಕಳನ್ನು ಶಾಲೆ ಬಿಡಿಸಿ ಎಂದು ನಾನು ಹೇಳುತ್ತಿಲ್ಲ. ಹೇಳಿದರೆ ನನ್ನ ಅನ್ನಕ್ಕೇ ಕಲ್ಲು. ಕಾರಂತರಂತಹ ತಂದೆ ಮನೆಮನೆಗೂ ಇರುವುದಿಲ್ಲ. ನನ್ನ ಗಮನ ಸೆಳೆದದ್ದು ಬೇರೆ. ನನ್ನ ಅಪ್ಪನಿಗೆ ಹಾಡಿಗೆ ಹೋಗುವುದು ಹೊಟ್ಟೆಪಾಡು. ಮಗನಿಗೆ ದಕ್ಕಿದ್ದು ಆ ದುಡಿಮೆಯ ಜೊತೆಗೆ ದಕ್ಕಿದ್ದು. ಗಂಟಿಗಳು ಹೋದವು, ಸೊಪ್ಪು ಹೊರುವುದು ನಿಂತಿತು, ಒಲೆಗೆ ಗ್ಯಾಸ್ ಬಂತು. ಜೊತೆಗೆ ಪಾಠವೂ ಹೋಯಿತು, ಹೋದದ್ದು ಯಾರ ಗಮನಕ್ಕೂ ಬರಲಿಲ್ಲ. ಕಾರಂತರದು ಹಾಗಲ್ಲ. ಅವರು ಬೇಕೆಂದೇ, ಯೋಚಿಸಿ, ಮಕ್ಕಳನ್ನು ಮರಗಳ ನಡುವೆ ಇಟ್ಟರು. ಇನ್ನು ಮುಂದೆ ನಮ್ಮಂತಹವರಿಗೆ ಉಳಿದಿರುವ ದಾರಿ ಅದೊಂದೇ. 1943ರಲ್ಲಿ ಬಂದ ಅವರ ‘ಬೆಟ್ಟದ ಜೀವ’ದ ಗೋಪಾಲಯ್ಯನನ್ನು ಓದುಗರು ಮರೆತಿರಲಾರರು. ಕಾಡಿನ ಒಳಹೊರಗನ್ನೆಲ್ಲ ಬಲ್ಲ ಆ ಮುದುಕನ ಮಗ ಊರು ಬಿಟ್ಟು ಹೋಗಿದ್ದಾನೆ. ಆ ಕಾದಂಬರಿಯನ್ನು ತರುಣನಾಗಿದ್ದಾಗ ಗೋಪಾಲಯ್ಯನ ಪಕ್ಷದಲ್ಲಿ ನಿಂತು ಓದಿದ್ದೆ. ಈಗ ಓದಿದರೆ ಊರು ಬಿಟ್ಟ ಮಗ ನಾನೇ.

ಅಪ್ಪ ತೀರಿಕೊಂಡು ಹನ್ನೆರಡು ವರ್ಷಗಳಾದವು. ಊರಿನಲ್ಲಿ ಚಿಕ್ಕಪ್ಪನಿದ್ದಾರೆ. ಎಪ್ಪತ್ತು ದಾಟಿದರೂ ಸೊಂಟದ ಕೊಕ್ಕೆಯಲ್ಲಿ ಕತ್ತಿ ಸಿಕ್ಕಿಸದೆ ಅಂಗಳ ಇಳಿಯುವವರಲ್ಲ. ನಾನು ಸಂಕೋಚ ಬಿಟ್ಟು ಅವರನ್ನು ಕೇಳಿಕೊಂಡೆ. ಅಂದಿನಿಂದ ತಿಂಗಳಿಗೊಂದು ಭಾನುವಾರ ನಾವು ಮೂವರೂ ಅವರ ಶಿಷ್ಯರು. ಅಭಯಾರಣ್ಯದ ಗಡಿಯನ್ನು ದಾಟುವುದಿಲ್ಲ, ಬೆಂಕಿ ಹಾಕುವುದಿಲ್ಲ, ಹಾಡಿ ಸಾಕು. ಚಿಕ್ಕಪ್ಪ ಹೆಸರು ಹೇಳುವುದು ಕಡಿಮೆ. ಮಕ್ಕಳನ್ನು ಮುಂದೆ ಬಿಟ್ಟು ತಾವು ಹಿಂದೆ ಬರುತ್ತಾರೆ. ಅಪ್ಪನಿಗೂ ಅವರಿಗೂ ಇರುವ ವ್ಯತ್ಯಾಸ ಇದೇ. ಹಿಮ್ಮಡಿ ನೋಡುತ್ತ ನಡೆದ ನಾನು ಏನನ್ನು ಕಳೆದುಕೊಂಡೆನೆಂಬುದು ನನಗೆ ಮೊದಲ ದಿನವೇ ಹೊಳೆಯಿತು. ಮನೆಗೆ ಬಂದು ಕಾಲು ತೊಳೆದ ಮೇಲೆ ಅವರದು ಒಂದೇ ಪ್ರಶ್ನೆ: ‘ಎಂತ ಕಂಡ್ರಿ?’ ಮಕ್ಕಳು ಹೇಳುತ್ತಾರೆ. ತಪ್ಪಿದ್ದರೆ ತಿದ್ದುವುದಿಲ್ಲ, ಮುಂದಿನ ಸಲ ಅದೇ ಜಾಗಕ್ಕೆ ಕರೆದೊಯ್ಯುತ್ತಾರೆ.

ಮಗನನ್ನು ಮೊದಲ ಸಲ ಒಬ್ಬನೇ ಮುಂದೆ ಬಿಟ್ಟ ದಿನ ನನ್ನ ಎದೆ ಬಡಿದುಕೊಂಡದ್ದನ್ನು ಮುಚ್ಚಿಡಲಾರೆ. ಅವನು ತಿರುವಿನಲ್ಲಿ ಮರೆಯಾದ. ನಾನು ಕೂಗಲು ಬಾಯಿ ತೆರೆದೆ. ಚಿಕ್ಕಪ್ಪ ನನ್ನ ತೋಳು ಹಿಡಿದರು. ಸ್ವಲ್ಪ ಹೊತ್ತಿನ ಮೇಲೆ ಕೆಳಗಿನ ತೋಡಿನ ಬಳಿಯಿಂದ, ನೀರು ಯಾವ ಕಡೆ ಹೋಗುತ್ತಿದೆಯೆಂದು ಅವನು ಕೂಗಿ ಹೇಳಿದ.

ಕಳೆದ ತಿಂಗಳು ಮತ್ತೆ ಮಳೆ ಹಿಡಿಯಿತು. ಮಗಳು ಮುಂದಿದ್ದಳು. ಕಾಲುದಾರಿಯ ಬದಿಯಲ್ಲಿ ಒಂದು ಮರ ಒಳ್ಳೆಯ ಕೊಡೆಯಂತೆ ಹರಡಿ ನಿಂತಿತ್ತು. ಅವಳು ಅದರ ಹತ್ತಿರ ಹೋಗಿ, ನಾಲ್ಕು ಮಾರು ದೂರದಲ್ಲಿ ನಿಂತು, ಕಾಂಡವನ್ನು ನೋಡಿದಳು. ಕೆಳಗೆ ಬಿದ್ದಿದ್ದ ಎಲೆಯೊಂದನ್ನು ಕೋಲಿನಿಂದ ತಿರುವಿ ತೊಟ್ಟನ್ನು ನೋಡಿದಳು. ಆಮೇಲೆ ಕೋಲನ್ನು ಅಲ್ಲಿಯೇ ಬಿಸುಟು, ದಾರಿ ಬಿಟ್ಟು ಎಡಕ್ಕೆ ಇಳಿದು, ಮುಳ್ಳಿನ ಪೊದೆಯನ್ನು ಸುತ್ತಿಕೊಂಡು ಮಳೆಯಲ್ಲಿಯೇ ನಡೆದಳು. ನಾವು ಮೂವರೂ ನೆನೆಯುತ್ತ ಅವಳ ಹಿಂದೆ ಹೋದೆವು.