ಕ್ಯಾನ್ಸರ್ ವಾಸಿಯಾಯಿತು, ಹೃದಯವನ್ನು ಮರೆಯಬೇಡಿ



ಕಳೆದ ಮಳೆಗಾಲಕ್ಕೆ ಮುಂಚೆ ನಾವು ಹೊಂಗಡಹಳ್ಳದ ಕಡೆ ಮನೆ ಭೇಟಿಗೆ ಹೋಗಿದ್ದೆವು. ಆ ಕಡೆ ಹೋಗಿ ಬಂದವರಿಗೆ ಗೊತ್ತು, ಅಲ್ಲಿ ಒಂದು ಮನೆ ಗುಡ್ಡದ ಮೇಲಿದ್ದರೆ ಇನ್ನೊಂದು ಹಳ್ಳದ ಆಚೆ. ನಮ್ಮ ಸ್ವಸಹಾಯ ಸಂಘದ ಒಬ್ಬ ತಾಯಿ ಆರು ತಿಂಗಳಿಂದ ಸಭೆಗೆ ಬಂದಿರಲಿಲ್ಲ. ನಾಲ್ಕು ವರ್ಷದ ಹಿಂದೆ ಅವರಿಗೆ ಸ್ತನದ ಕ್ಯಾನ್ಸರ್ ಆಗಿತ್ತು. ಆಪರೇಷನ್, ಕೀಮೋ, ಕರೆಂಟು ಎಲ್ಲಾ ಮುಗಿಸಿ, ವಾಸಿಯಾಗಿ, ಮತ್ತೆ ತೋಟದ ಕೆಲಸಕ್ಕೆ ಹೋಗುತ್ತಿದ್ದರು. ಈಗ ಜಗಲಿಯ ಮೇಲೆ ಗೋಡೆಗೆ ಒರಗಿ ಕೂತಿದ್ದರು.

"ದಿಣ್ಣೆ ಹತ್ತಕ್ಕೆ ಆಗಲ್ಲ ಕಣಮ್ಮ. ನಾಕು ಹೆಜ್ಜೆ ಇಟ್ರೆ ಉಸ್ರು ಕಟ್ಟುತ್ತೆ. ರಾತ್ರಿ ಮಲಗಿದ್ರೂ ಅಷ್ಟೇ, ಎದ್ದು ಕೂತ್ಕೋಬೇಕು. ಕರೆಂಟು ಇಟ್ಟ ಮೈ ಅಲ್ವಾ, ಇನ್ನು ಇಷ್ಟೇ ಶಕ್ತಿ" ಅಂದರು.

ಕಾಲು ನೋಡಿದರೆ ಎರಡೂ ಊದಿತ್ತು. ಬೆರಳಿನಿಂದ ಒತ್ತಿದರೆ ಗುಳಿ ಬಿದ್ದು ಹಾಗೇ ನಿಲ್ಲುತ್ತಿತ್ತು. ಸಕಲೇಶಪುರಕ್ಕೆ, ಅಲ್ಲಿಂದ ಹಾಸನಕ್ಕೆ ಕರೆದುಕೊಂಡು ಹೋಗಿ ಹೃದಯದ ಸ್ಕ್ಯಾನಿಂಗ್ ಮಾಡಿಸಿದಾಗ ಗೊತ್ತಾಯಿತು: ಕ್ಯಾನ್ಸರ್ ತಿರುಗಿ ಬಂದಿರಲಿಲ್ಲ. ಹೃದಯದ ಪಂಪು ದುರ್ಬಲವಾಗಿತ್ತು. ಕ್ಯಾನ್ಸರನ್ನು ಗೆದ್ದ ಅದೇ ಔಷಧಿಯಿಂದ ಹೀಗೆ ಆಗಿರಬಹುದು ಎಂದು ಡಾಕ್ಟರು ಹೇಳಿದರು.

ಇಲ್ಲಿ ನಮ್ಮ ತಪ್ಪೂ ಇದೆ. ನಾಲ್ಕು ವರ್ಷ ನಾವು ಆ ಮನೆಗೆ ಹೋಗಿದ್ದೇವೆ. ಗಂಟು ಇದೆಯಾ, ನೋವು ಇದೆಯಾ ಅಂತ ಕೇಳಿದ್ದೇವೆ. ಬಿ.ಪಿ. ನೋಡಿಸಿದಿರಾ, ಉಸಿರು ಹೇಗಿದೆ ಅಂತ ಒಂದು ದಿನವೂ ಕೇಳಲಿಲ್ಲ. ನಮಗೇ ತಿಳಿದಿರಲಿಲ್ಲ. ಆದ್ದರಿಂದ ನಾವು ತಿಳಿದುಕೊಂಡದ್ದನ್ನು ನಿಮಗೂ ತಿಳಿಸುತ್ತಿದ್ದೇವೆ.

ಹಾಸನದ ಭಯ, ನಿಜವಾದ ಎಚ್ಚರ

2025ರ ಮೇ-ಜೂನ್ ತಿಂಗಳಲ್ಲಿ ನಮ್ಮ ಹಾಸನ ಜಿಲ್ಲೆಯ ಹೃದಯಾಘಾತದ ಸಾವುಗಳು ದಿನಾ ಪೇಪರಿನಲ್ಲಿ, ಟಿ.ವಿ.ಯಲ್ಲಿ ಬರುತ್ತಿದ್ದುದು ಎಲ್ಲರಿಗೂ ನೆನಪಿದೆ. ಹೆದರಿದ ಜನ ಮೈಸೂರಿನ ಜಯದೇವ ಆಸ್ಪತ್ರೆಯ ಮುಂದೆ ಸಾಲು ನಿಂತರು. ಸರ್ಕಾರ ಜಯದೇವ ಹೃದ್ರೋಗ ಸಂಸ್ಥೆಯ ನಿರ್ದೇಶಕರ ನೇತೃತ್ವದಲ್ಲಿ ಸಮಿತಿ ಮಾಡಿತು. ಸಾವುಗಳು ಅಸಹಜವಾಗಿ ಏರಿಲ್ಲ ಎಂದು ಅದರ ವರದಿ ಹೇಳಿತು. ಸಕ್ಕರೆ ಕಾಯಿಲೆ, ಬಿ.ಪಿ., ತಂಬಾಕು, ಕುಡಿತ ಇಂಥ ಹಳೆಯ ಕಾರಣಗಳ ಕಡೆಗೇ ಅದು ಬೆರಳು ತೋರಿಸಿತು.

ಆ ಸಾಲಿನಲ್ಲಿ ಏನೂ ತೊಂದರೆ ಇಲ್ಲದ ಎಷ್ಟೋ ಜನ ನಿಂತಿದ್ದರು. ತಪ್ಪದೆ ಪರೀಕ್ಷೆ ಮಾಡಿಸಿಕೊಳ್ಳಬೇಕಾದ ಕ್ಯಾನ್ಸರ್ ವಾಸಿಯಾದವರು ಮಾತ್ರ "ಇದು ಚಿಕಿತ್ಸೆಯ ಸುಸ್ತು" ಎಂದು ಮನೆಯಲ್ಲೇ ಕೂತಿದ್ದರು.

ಔಷಧಿ ಹೃದಯಕ್ಕೆ ಏಕೆ ತಾಗುತ್ತದೆ?

ಎಲ್ಲಾ ಕ್ಯಾನ್ಸರ್ ಔಷಧಿಯೂ ಹೃದಯಕ್ಕೆ ತಾಗುವುದಿಲ್ಲ. ಮುಖ್ಯವಾಗಿ ಇವನ್ನು ತಿಳಿದಿರಬೇಕು.

1. ಕೆಂಪು ಔಷಧಿ: ಡ್ರಿಪ್ಪಿನಲ್ಲಿ ಕೆಂಪಗೆ ಹೋಗುವ ಔಷಧಿಯನ್ನು ಹಲವರು ನೋಡಿರುತ್ತೀರಿ. ಅದರ ಹೆಸರು ಡಾಕ್ಸೊರುಬಿಸಿನ್. ಇಟಲಿಯ ಮಣ್ಣಿನಲ್ಲಿ ಸಿಕ್ಕ ಒಂದು ಸೂಕ್ಷ್ಮಜೀವಿಯಿಂದ 1960ರ ದಶಕದಲ್ಲಿ ಬಂದ ಔಷಧಿ ಇದು. ಸ್ತನ ಕ್ಯಾನ್ಸರ್, ರಕ್ತದ ಕ್ಯಾನ್ಸರ್, ಲಿಂಫೋಮಾ, ಮೂಳೆ ಕ್ಯಾನ್ಸರ್‌ಗಳಲ್ಲಿ ಲಕ್ಷಾಂತರ ಜೀವ ಉಳಿಸಿದೆ. ಆದರೆ ಹೃದಯದ ಸ್ನಾಯುವಿನ ಜೀವಕೋಶಗಳಿಗೂ ಪೆಟ್ಟು ಕೊಡುತ್ತದೆ. ಚರ್ಮದ ಹಾಗೆ ಹೃದಯದ ಸ್ನಾಯು ಸುಲಭವಾಗಿ ಮತ್ತೆ ಬೆಳೆಯುವುದಿಲ್ಲ.

ಈ ಪೆಟ್ಟು ಜೀವಮಾನದಲ್ಲಿ ತೆಗೆದುಕೊಂಡ ಒಟ್ಟು ಪ್ರಮಾಣದ ಮೇಲೆ ನಿಂತಿದೆ. ಮೈಯ ವಿಸ್ತೀರ್ಣದ ಒಂದು ಚದರ ಮೀಟರಿಗೆ ಇಷ್ಟು ಮಿಲಿಗ್ರಾಂ ಎಂದು ಡಾಕ್ಟರು ಲೆಕ್ಕ ಹಾಕುತ್ತಾರೆ. 2003ರಲ್ಲಿ ಪ್ರಕಟವಾದ ಒಂದು ಅಧ್ಯಯನದ ಪ್ರಕಾರ ಒಟ್ಟು 400 ಮಿಲಿಗ್ರಾಂ ತಲುಪಿದಾಗ 100ರಲ್ಲಿ ಸುಮಾರು 5 ಜನಕ್ಕೆ, 550ಕ್ಕೆ 26 ಜನಕ್ಕೆ, 700ಕ್ಕೆ 48 ಜನಕ್ಕೆ ಹೃದಯ ವೈಫಲ್ಯ ಕಾಣಿಸಿಕೊಂಡಿತು. ಹೆದರಬೇಡಿ. ಸ್ತನ ಕ್ಯಾನ್ಸರಿಗೆ ಸಾಮಾನ್ಯವಾಗಿ 60ರಂತೆ ನಾಲ್ಕು ಸಲ, ಅಂದರೆ ಒಟ್ಟು 240 ಮಾತ್ರ ಕೊಡುತ್ತಾರೆ. ಆದರೂ ಮೊದಲೇ ಬಿ.ಪಿ., ಸಕ್ಕರೆ ಕಾಯಿಲೆ ಇದ್ದವರಿಗೆ, ವಯಸ್ಸಾದವರಿಗೆ ಕಡಿಮೆ ಪ್ರಮಾಣದಲ್ಲೂ ತೊಂದರೆ ಆಗಬಹುದು. ಚಿಕಿತ್ಸೆ ಮುಗಿದ ಎಷ್ಟೋ ವರ್ಷದ ಮೇಲೆ ಕಾಣಿಸಿಕೊಳ್ಳುವುದೂ ಉಂಟು.

2. ಮೂರು ವಾರಕ್ಕೊಮ್ಮೆಯ ಇಂಜೆಕ್ಷನ್: ಸ್ತನ ಕ್ಯಾನ್ಸರಿನ 5 ಜನರಲ್ಲಿ ಸುಮಾರು ಒಬ್ಬರಿಗೆ 'ಹರ್-2' ಎಂಬ ವಿಧ ಇರುತ್ತದೆ. ಅವರಿಗೆ ಟ್ರಾಸ್ಟುಜುಮಾಬ್ ಎಂಬ ಔಷಧಿಯನ್ನು ಸಾಮಾನ್ಯವಾಗಿ ಒಂದು ವರ್ಷ ಕೊಡುತ್ತಾರೆ. ಮೊದಲು ಇದರ ಬೆಲೆ ಕೇಳಿದರೆ ಬಡವರು ವಾಪಸ್ ಬರುತ್ತಿದ್ದರು. 2014ರಲ್ಲಿ ನಮ್ಮ ಬೆಂಗಳೂರಿನ ಬಯೋಕಾನ್ ಕಂಪನಿ ಇದೇ ತರಹದ ಔಷಧಿಯನ್ನು ಕಡಿಮೆ ಬೆಲೆಗೆ ತಂದ ಮೇಲೆ ಹೆಚ್ಚು ಜನಕ್ಕೆ ಸಿಗುವಂತಾಯಿತು. ಇದು ಕೂಡ ಹೃದಯದ ಪಂಪನ್ನು ಸ್ವಲ್ಪ ಕುಗ್ಗಿಸಬಹುದು. ಆದರೆ ಬೇಗ ಗೊತ್ತಾಗಿ ಔಷಧಿಯನ್ನು ಕೆಲವು ವಾರ ನಿಲ್ಲಿಸಿದರೆ ಹೆಚ್ಚಿನವರಲ್ಲಿ ಹೃದಯ ಸುಧಾರಿಸುತ್ತದೆ. ಅದಕ್ಕೇ ಮೂರು ತಿಂಗಳಿಗೊಮ್ಮೆ ಹೃದಯದ ಸ್ಕ್ಯಾನಿಂಗ್ ಬೇಕು.

3. ಕರೆಂಟು: ನಮ್ಮ ಜನ ಕರೆಂಟು ಅನ್ನುವುದು ನಿಜವಾಗಿ ವಿದ್ಯುತ್ ಅಲ್ಲ, ವಿಕಿರಣ. ಎಡಗಡೆ ಸ್ತನ, ಎದೆಗೂಡು, ಅನ್ನನಾಳದ ಕ್ಯಾನ್ಸರಿಗೆ ಕೊಡುವಾಗ ಹೃದಯ ಹತ್ತಿರವೇ ಇರುತ್ತದೆ. ಅದರ ರಕ್ತನಾಳಗಳು ನಿಧಾನವಾಗಿ ಗಟ್ಟಿಯಾಗಬಹುದು. ಸ್ವೀಡನ್, ಡೆನ್ಮಾರ್ಕ್ ದೇಶದ ಮಹಿಳೆಯರ ಮೇಲೆ ನಡೆದು 2013ರಲ್ಲಿ ಪ್ರಕಟವಾದ ಅಧ್ಯಯನ, ಈ ಅಪಾಯ ಮೊದಲ ಐದು ವರ್ಷದೊಳಗೇ ಶುರುವಾಗಿ 20 ವರ್ಷದವರೆಗೂ ಮುಂದುವರಿಯುತ್ತದೆ ಎಂದು ತೋರಿಸಿತು. ಈಗ ಉಸಿರು ಒಳಗೆ ಎಳೆದು ಹಿಡಿಯುವ ಒಂದು ವಿಧಾನ ಇದೆ. ಶ್ವಾಸಕೋಶ ಉಬ್ಬಿದಾಗ ಹೃದಯ ಎದೆಗೋಡೆಯಿಂದ ದೂರ ಸರಿಯುತ್ತದೆ, ಕಿರಣ ಕಡಿಮೆ ತಾಗುತ್ತದೆ. ಎಡಗಡೆ ಕರೆಂಟು ಇಡುವುದಿದ್ದರೆ "ಈ ಸೌಲಭ್ಯ ಇಲ್ಲಿದೆಯಾ?" ಎಂದು ಧೈರ್ಯವಾಗಿ ಕೇಳಿ.

4. ಬೇರೆ ಔಷಧಿಗಳು: ಕರುಳಿನ ಕ್ಯಾನ್ಸರಿಗೆ ಕೊಡುವ ಫೈವ್-ಎಫ್.ಯು. ಮತ್ತು ಕೇಪ್‌ಸೈಟಬಿನ್ ಮಾತ್ರೆಯಿಂದ ಕೆಲವರಿಗೆ ಮೊದಲ ಕೆಲವು ದಿನದಲ್ಲೇ ಹೃದಯದ ರಕ್ತನಾಳ ಹಿಡಿದುಕೊಂಡು ಎದೆನೋವು ಬರಬಹುದು. ಹಾಗಾದರೆ ಮುಂದಿನ ಮಾತ್ರೆ ನುಂಗದೆ ಕೂಡಲೇ ಆಸ್ಪತ್ರೆಗೆ ಹೋಗಿ. ಇನ್ನು ಕೆಲವು ಹೊಸ ಮಾತ್ರೆಗಳು ಬಿ.ಪಿ. ಏರಿಸುತ್ತವೆ.

ಹಾಗಾದರೆ ಚಿಕಿತ್ಸೆ ಬೇಡವೇ?

ಹಾಗೆ ಅಂದುಕೊಂಡರೆ ಬಹಳ ದೊಡ್ಡ ತಪ್ಪು. ಈ ಲೇಖನ ಓದಿ ಯಾರೂ ಚಿಕಿತ್ಸೆ ಅರ್ಧಕ್ಕೆ ಬಿಡಬಾರದು. ಚಿಕಿತ್ಸೆ ಇಲ್ಲದ ಕ್ಯಾನ್ಸರ್ ಖಂಡಿತ ಕೊಲ್ಲುತ್ತದೆ. ಹೃದಯದ ತೊಂದರೆ ಎಲ್ಲರಿಗೂ ಬರುವುದಿಲ್ಲ, ಬಂದರೂ ಬೇಗ ಹಿಡಿದರೆ ಔಷಧಿ ಇದೆ.

ಬೇಗ ಅಂದರೆ ಎಷ್ಟು ಬೇಗ? ಇಟಲಿಯ ಮಿಲಾನ್ ನಗರದ ಡಾಕ್ಟರುಗಳು ಕೀಮೋದಿಂದ ಹೃದಯ ದುರ್ಬಲವಾದ 201 ಜನರನ್ನು ನೋಡಿ 2010ರಲ್ಲಿ ವರದಿ ಕೊಟ್ಟರು. ಕೀಮೋ ಮುಗಿದ ಎರಡು ತಿಂಗಳೊಳಗೆ ಹೃದಯದ ಔಷಧಿ ಶುರು ಮಾಡಿದವರಲ್ಲಿ 100ಕ್ಕೆ 64 ಜನರ ಹೃದಯ ಪೂರ್ತಿ ಸರಿಹೋಯಿತು. ಆರು ತಿಂಗಳು ದಾಟಿದವರಲ್ಲಿ ಒಬ್ಬರದೂ ಪೂರ್ತಿ ಸರಿಹೋಗಲಿಲ್ಲ. ತಡಮಾಡಬಾರದು ಎನ್ನುವುದಕ್ಕೆ ಇದಕ್ಕಿಂತ ಬೇರೆ ಮಾತು ಬೇಕಾಗಿಲ್ಲ.

ಯಾವಾಗ, ಯಾವ ಪರೀಕ್ಷೆ?

ಹೃದಯದ ಸ್ಕ್ಯಾನಿಂಗಿಗೆ ಎಕೋ ಅನ್ನುತ್ತಾರೆ. ಸೂಜಿ ಇಲ್ಲ, ನೋವಿಲ್ಲ. ಹೃದಯ ಒಂದು ಸಲ ಹಿಂಡಿದಾಗ ಒಳಗಿನ ರಕ್ತದಲ್ಲಿ ಎಷ್ಟು ಭಾಗ ಹೊರಗೆ ಹೋಗುತ್ತದೆ ಎಂದು ಅದು ತೋರಿಸುತ್ತದೆ. ರಿಪೋರ್ಟಿನಲ್ಲಿ 'ಇ.ಎಫ್.' ಎಂದು ಬರೆದಿರುವ ಸಂಖ್ಯೆ ಅದೇ. ಸಾಮಾನ್ಯವಾಗಿ 50ಕ್ಕಿಂತ ಮೇಲೆ ಇರಬೇಕು. ಮೊದಲಿದ್ದುದಕ್ಕಿಂತ 10 ಅಂಕ ಇಳಿದು 50ಕ್ಕಿಂತ ಕೆಳಗೆ ಹೋದರೆ ಡಾಕ್ಟರು ಎಚ್ಚರ ವಹಿಸುತ್ತಾರೆ. ಮೊದಲಿನದು ಎಷ್ಟಿತ್ತು ಎಂದು ತಿಳಿಯಬೇಕಾದರೆ ಹಳೆಯ ರಿಪೋರ್ಟ್ ಬೇಕು. ಆದ್ದರಿಂದ ಅದನ್ನು ಬಿಸಾಡಬೇಡಿ.

- ಚಿಕಿತ್ಸೆಗೆ ಮುಂಚೆ: ಬಿ.ಪಿ., ಸಕ್ಕರೆ, ಕೊಬ್ಬಿನ ಪರೀಕ್ಷೆ, ಇ.ಸಿ.ಜಿ., ಹೃದಯಕ್ಕೆ ತಾಗುವ ಔಷಧಿಯಾದರೆ ಎಕೋ. ಹಿಂದೆ ಹೃದಯದ ಕಾಯಿಲೆ ಇದ್ದರೆ, ಹಿಂದೊಮ್ಮೆ ಕೀಮೋ ಅಥವಾ ಕರೆಂಟು ಆಗಿದ್ದರೆ ಮುಚ್ಚಿಡದೆ ಹೇಳಿ.
- ಚಿಕಿತ್ಸೆ ನಡೆಯುವಾಗ: ಪ್ರತಿ ಭೇಟಿಯಲ್ಲೂ ಬಿ.ಪಿ. ಮತ್ತು ತೂಕ. ಡಾಕ್ಟರು ಹೇಳಿದ ದಿನ ಎಕೋ. ವಾಂತಿ-ಭೇದಿ ಜಾಸ್ತಿಯಾದರೆ ಮೈಯ ಲವಣ ಕಡಿಮೆಯಾಗಿ ಹೃದಯದ ಬಡಿತ ಏರುಪೇರಾಗಬಹುದು, ಕೂಡಲೇ ತಿಳಿಸಿ.
- ಮುಗಿದ ಮೇಲೆ: ಕೆಂಪು ಔಷಧಿ ಅಥವಾ ಹರ್-2 ಇಂಜೆಕ್ಷನ್ ತೆಗೆದುಕೊಂಡವರು ಒಂದು ವರ್ಷದೊಳಗೆ ಮತ್ತೆ ಎಕೋ ಮಾಡಿಸಬೇಕು. ಅಪಾಯ ಹೆಚ್ಚಿರುವವರಿಗೆ ಮೂರು ತಿಂಗಳಿಗೇ ಬೇಕು. ಆಮೇಲೂ ವರ್ಷಕ್ಕೊಮ್ಮೆ ಬಿ.ಪಿ., ಸಕ್ಕರೆ ಪರೀಕ್ಷೆ ತಪ್ಪಿಸಬೇಡಿ.
- ಚಿಕ್ಕಂದಿನಲ್ಲಿ ಕ್ಯಾನ್ಸರ್ ವಾಸಿಯಾದ ಹೆಣ್ಣುಮಕ್ಕಳು: ಮದುವೆಯಾಗಿ ಬಸುರಿಯಾಗುವ ಮುಂಚೆ ಹೃದಯ ತೋರಿಸಬೇಕು. ಬಸಿರಿನಲ್ಲಿ ಹೃದಯಕ್ಕೆ ಕೆಲಸ ಹೆಚ್ಚು. ಹಳೆಯ ಕಾಯಿಲೆಯ ವಿಷಯ ಗಂಡನ ಮನೆಯಲ್ಲಿ ಹೇಳಲಾಗದಿದ್ದರೂ ಡಾಕ್ಟರ ಹತ್ತಿರ ಹೇಳಲೇಬೇಕು.

ಈ ಲಕ್ಷಣ ಕಂಡರೆ "ಸುಸ್ತು" ಎಂದು ಸುಮ್ಮನಿರಬೇಡಿ

- ಮೊದಲು ಹತ್ತುತ್ತಿದ್ದ ದಿಣ್ಣೆ ಈಗ ಹತ್ತಲಾಗದೆ ಉಸಿರು ಕಟ್ಟುವುದು
- ಮಲಗಿದರೆ ಉಸಿರಾಡಲು ಕಷ್ಟ, ದಿಂಬಿನ ಮೇಲೆ ದಿಂಬು ಇಡಬೇಕಾಗುವುದು
- ಎರಡೂ ಕಾಲು ಊದುವುದು, ಎರಡು ಮೂರು ದಿನದಲ್ಲಿ ಎರಡು ಕಿಲೋ ತೂಕ ಏರುವುದು
- ಎದೆ ಡವಡವ ಬಡಿಯುವುದು, ಕಣ್ಣು ಕತ್ತಲೆ ಬರುವುದು
- ಒಂದೇ ಕಾಲು ಊದಿ ನೋಯುವುದು. ಇದು ರಕ್ತ ಹೆಪ್ಪುಗಟ್ಟಿದ್ದರ ಗುರುತು ಇರಬಹುದು, ಅದೇ ದಿನ ತೋರಿಸಿ.

ಎದೆನೋವು ಬಂದು ಬೆವರಿದರೆ 108ಕ್ಕೆ ಫೋನ್ ಮಾಡಿ. ಗ್ಯಾಸ್ಟ್ರಿಕ್ ಎಂದು ಸೋಡಾ ಕುಡಿದು ಕಾಯಬೇಡಿ.

ಮನೆಯಲ್ಲಿ ನಾವೇ ಮಾಡಬಹುದಾದದ್ದು

ಉಪ್ಪು: ದಿನಕ್ಕೆ ಒಬ್ಬರಿಗೆ 5 ಗ್ರಾಂ, ಅಂದರೆ ಒಂದು ಸಣ್ಣ ಚಮಚ ಸಾಕು. ಮಳೆಗಾಲದಲ್ಲಿ ನಮ್ಮ ಕಡೆ ಒಣಮೀನು, ಉಪ್ಪಿನಕಾಯಿ, ಉಪ್ಪಿನಲ್ಲಿಟ್ಟ ಕಳಲೆ ಇಲ್ಲದೆ ಊಟ ಸೇರುವುದಿಲ್ಲ. ಪೂರ್ತಿ ಬಿಡಿ ಅಂದರೆ ಯಾರೂ ಕೇಳುವುದಿಲ್ಲ, ನಮಗೂ ಗೊತ್ತು. ದಿನಾ ತಿನ್ನುವವರು ವಾರಕ್ಕೊಮ್ಮೆ ಮಾಡಿ. ಒಣಮೀನನ್ನು ಚೆನ್ನಾಗಿ ನೆನೆಸಿ ಆ ನೀರು ಚೆಲ್ಲಿ. ಸೊಪ್ಪು, ಕಾಳು, ಮೊಟ್ಟೆ ಧಾರಾಳವಾಗಿ ತಿನ್ನಿ.

ನಡಿಗೆ: ವಾಸಿಯಾದವರನ್ನು ಮನೆಯವರು ಪ್ರೀತಿಯಿಂದ ಕೂರಿಸಿಬಿಡುತ್ತಾರೆ. ಅದು ಹೃದಯಕ್ಕೆ ಒಳ್ಳೆಯದಲ್ಲ. ಡಾಕ್ಟರು ಒಪ್ಪಿದ ಮೇಲೆ ಅಂಗಳದಲ್ಲಿ ಹತ್ತು ನಿಮಿಷದಿಂದ ಶುರು ಮಾಡಿ, ನಿಧಾನವಾಗಿ ವಾರಕ್ಕೆ 150 ನಿಮಿಷಕ್ಕೆ ತನ್ನಿ. ಮಾತಾಡಿಕೊಂಡು ನಡೆಯುವಷ್ಟು ವೇಗ ಸಾಕು.

ತಂಬಾಕು: ಬೀಡಿಯಷ್ಟೇ ಅಲ್ಲ, ಎಲೆ-ಅಡಿಕೆ ಜೊತೆಯ ಹೊಗೆಸೊಪ್ಪೂ ತಂಬಾಕೇ. ಬಾಯಿಯ ಕ್ಯಾನ್ಸರಿಗೂ ಹೃದಯಕ್ಕೂ ಇದು ಒಂದೇ ಶತ್ರು.

ನಾಟಿ ಔಷಧಿ: ಕಷಾಯ, ಬೇರು ಕುಡಿಯುತ್ತಿದ್ದರೆ ಡಾಕ್ಟರಿಗೆ ಹೇಳಿ. ಬೈಸಿಕೊಂಡರೂ ಪರವಾಗಿಲ್ಲ. ನಮ್ಮ ಹಿತ್ತಲಿನ ಚಕ್ಕೋತ ಹಣ್ಣು ಕೂಡ ಕೆಲವು ಮಾತ್ರೆಗಳ ಜೊತೆ ಹೊಂದುವುದಿಲ್ಲ, ಕೇಳಿಯೇ ತಿನ್ನಿ. ಬಿ.ಪಿ. ಮಾತ್ರೆಯನ್ನು "ಈಗ ಚೆನ್ನಾಗಿದ್ದೀನಿ" ಎಂದು ನಿಲ್ಲಿಸಬೇಡಿ.

ದಾರಿ, ದುಡ್ಡು

ಬಿ.ಪಿ.ಎಲ್. ಕಾರ್ಡಿನ ಕುಟುಂಬಕ್ಕೆ 2018ರಲ್ಲಿ ಬಂದ ಆಯುಷ್ಮಾನ್ ಭಾರತ್-ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ಚಿಕಿತ್ಸೆಯ ನೆರವಿದೆ. ಆಸ್ಪತ್ರೆಯಲ್ಲಿ ಆರೋಗ್ಯ ಮಿತ್ರ ಎಂಬುವರು ಇರುತ್ತಾರೆ, ಯಾವ ಪರೀಕ್ಷೆ ಇದರಲ್ಲಿ ಬರುತ್ತದೆ ಎಂದು ಅವರನ್ನು ಕೇಳಿ. ಬೆಂಗಳೂರಿನ ಕಿದ್ವಾಯಿ ಸಂಸ್ಥೆಯಲ್ಲಿ ಕ್ಯಾನ್ಸರ್ ಚಿಕಿತ್ಸೆ ಪಡೆದವರು ಪ್ರತಿ ಸಲ ಅಷ್ಟು ದೂರ ಹೋಗಲಾಗದಿದ್ದರೆ, ಎಕೋ ಪರೀಕ್ಷೆಯನ್ನು ಹಾಸನದಲ್ಲಿ ಮಾಡಿಸಿ ರಿಪೋರ್ಟ್ ತೋರಿಸಬಹುದೇ ಎಂದು ನಿಮ್ಮ ಡಾಕ್ಟರನ್ನು ಕೇಳಿ. ಚಿಕಿತ್ಸೆಗೆ ಹೋಗುವ ಕ್ಯಾನ್ಸರ್ ರೋಗಿಗೂ ಜೊತೆಗಿರುವ ಒಬ್ಬರಿಗೂ ರೈಲಿನಲ್ಲಿ ರಿಯಾಯಿತಿ ಇದೆ, ಆಸ್ಪತ್ರೆಯ ಸರ್ಟಿಫಿಕೇಟ್ ಬೇಕು.

ಜೂನ್ ಬಂತೆಂದರೆ ನಮ್ಮ ಕಡೆ ಮರ ಬೀಳುತ್ತದೆ, ಧರೆ ಕುಸಿಯುತ್ತದೆ, ಬಸ್ಸು ನಿಲ್ಲುತ್ತದೆ. ಸಾಧ್ಯವಾದಷ್ಟು ವರ್ಷದ ಪರೀಕ್ಷೆಯನ್ನು ಮೇ ತಿಂಗಳೊಳಗೆ ಮುಗಿಸಿ. ಹೃದಯದ ಮಾತ್ರೆ ಒಂದು ತಿಂಗಳಿಗಾಗುವಷ್ಟು ಮನೆಯಲ್ಲಿ ಹೆಚ್ಚಿಗೆ ಇರಲಿ.

ಕೊನೆಯ ಮಾತು

ಆ ತಾಯಿ ಈಗ ಮಾತ್ರೆ ತೆಗೆದುಕೊಳ್ಳುತ್ತಿದ್ದಾರೆ. ಕಾಲಿನ ಊತ ಇಳಿದಿದೆ, ರಾತ್ರಿ ಮಲಗಿ ನಿದ್ದೆ ಮಾಡುತ್ತಾರೆ. ಸಭೆಗೂ ಬರುತ್ತಾರೆ, ದಿಣ್ಣೆಯಲ್ಲಿ ಎರಡು ಕಡೆ ನಿಂತು. ಹೃದಯ ಪೂರ್ತಿ ಮೊದಲಿನಂತೆ ಆಗಿಲ್ಲ, ಆಗುತ್ತದೆ ಎಂದು ಡಾಕ್ಟರೂ ಹೇಳಿಲ್ಲ. ಮೂರು ವರ್ಷ ಮುಂಚೆ ಗೊತ್ತಾಗಿದ್ದರೆ ಎಂಬ ಮಾತು ನಮ್ಮ ಮನಸ್ಸಿನಿಂದ ಹೋಗುವುದಿಲ್ಲ.

ನಿಮ್ಮ ಮನೆಯಲ್ಲಿ, ಅಕ್ಕಪಕ್ಕದಲ್ಲಿ, ತೋಟದ ಲೈನಿನಲ್ಲಿ ಕ್ಯಾನ್ಸರ್ ವಾಸಿಯಾದವರು ಇದ್ದರೆ ಅವರ ಆಸ್ಪತ್ರೆ ಫೈಲನ್ನು ಮುಂದಿನ ಸಂಘದ ಸಭೆಗೆ ತರಲು ಹೇಳಿ. ಯಾವ ಔಷಧಿ, ಎಷ್ಟು ಸಲ, ಕರೆಂಟು ಯಾವ ಕಡೆ, ಕೊನೆಯ ಎಕೋ ಯಾವಾಗ, ಬಿ.ಪಿ. ಎಷ್ಟು ಈ ಐದು ವಿಷಯವನ್ನು ಒಂದು ಚೀಟಿಯಲ್ಲಿ ಬರೆದು ಫೈಲಿನ ಮೇಲೆ ಅಂಟಿಸಿಕೊಡುತ್ತೇವೆ. ಯಾವ ಡಾಕ್ಟರ ಹತ್ತಿರ ಹೋದರೂ ಮೊದಲು ಆ ಚೀಟಿ ತೋರಿಸಿ. ನೋಡಲು ಸಣ್ಣ ಕೆಲಸ, ಆದರೆ ಒಂದು ಜೀವ ಉಳಿಸಬಹುದು.