ಚೌಳಿಗೂ ಮುನ್ಸೂಚನೆ ಉಂಟೆ?

ನಾಲೆ ನೀರು ನಿಂತು ತಿಂಗಳಾದ ಮೇಲೆ ಮದ್ದೂರು, ಮಳವಳ್ಳಿ ಕಡೆಯ ತಗ್ಗು ಗದ್ದೆಗಳ ಬದುವಿನ ಮೇಲೆ ನಡೆದರೆ ಅಲ್ಲಲ್ಲಿ ಕಾಲಿಗೆ ಬಿಳಿ ಪುಡಿ ಮೆತ್ತುತ್ತದೆ. ದೂರಕ್ಕೆ ಸುಣ್ಣ ಚೆಲ್ಲಿದ ಹಾಗೆ ಕಾಣುವ ಇದೇ ಚೌಳು. ಕಡಲಿನ ಗಾಳಿಯೂ ಸೋಕದ ಮಂಡ್ಯಕ್ಕೆ ಉಪ್ಪು ಬಂದದ್ದು ನೆಲದೊಳಗಿಂದ. ವಿಶ್ವೇಶ್ವರಯ್ಯ ನಾಲೆಯ ನೀರು ಬಸಿದುಹೋಗಲು ದಾರಿಯಿಲ್ಲದ ಕಡೆ ಅಂತರ್ಜಲ ಮೇಲೇರುತ್ತದೆ. ದೀಪದ ಬತ್ತಿ ಎಣ್ಣೆ ಎಳೆದಂತೆ ಮಣ್ಣು ಆ ನೀರನ್ನು ಮೇಲಕ್ಕೆಳೆಯುತ್ತದೆ. ಬಿಸಿಲು ನೀರನ್ನಷ್ಟೇ ಒಯ್ಯುತ್ತದೆ, ಉಪ್ಪನ್ನು ನಮಗೇ ಬಿಡುತ್ತದೆ. ಅದರಲ್ಲಿ ಸೋಡಿಯಂ ಹೆಚ್ಚಿದ್ದರೆ ಮಣ್ಣು ಗಟ್ಟಿಯಾಗಿ ನೀರೇ ಇಂಗುವುದಿಲ್ಲ. ಆಗ ಜಿಪ್ಸಂ ಹಾಕಬೇಕು. ಬಸಿಗಾಲುವೆ ತೆಗೆಯದೆ ಹಾಕಿದರೆ ದುಡ್ಡು ದಂಡ.

ಈ ನಾಲೆಗೆ ನೀರುಣಿಸುವ ಕಾವೇರಿಯೇ ತಂಜಾವೂರು ದಾಟಿ ಕಡಲು ಸೇರುವಲ್ಲಿ ಉಪ್ಪು ಎದುರಿನಿಂದ ಬರುತ್ತದೆ. ಹೊಳೆಯ ಹರಿವು ಸೊರಗಿದರೆ, ಲೀಟರಿಗೆ ಸುಮಾರು 35 ಗ್ರಾಂ ಉಪ್ಪು ಹೊತ್ತ ಸಮುದ್ರದ ನೀರು ಒಳನುಗ್ಗುತ್ತದೆ. ವಿಯೆಟ್ನಾಂನ ಮೆಕಾಂಗ್ ಮುಖಜಭೂಮಿಯಲ್ಲಿ 2016ರಲ್ಲೂ 2020ರಲ್ಲೂ ಹೀಗೆಯೇ ಭತ್ತ ಹಾಳಾಯಿತು. ಇಂಥ ಕಡೆ ಸಂಶೋಧಕರು ಮಷೀನ್ ಲರ್ನಿಂಗ್ ಹಿಡಿದಿದ್ದಾರೆ. ಹಳೆಯ ವರ್ಷಗಳ ಹರಿವು, ಉಬ್ಬರವಿಳಿತ, ಮಳೆ, ನೀರಿನ ಉಪ್ಪು ಎಲ್ಲವನ್ನೂ ದಿನವಹಿ ಕಂಪ್ಯೂಟರಿಗೆ ಕೊಡುತ್ತಾರೆ. ಮೇಲೆ ಹರಿವು ಇಳಿದ ಎಷ್ಟು ದಿನಕ್ಕೆ ಕೆಳಗೆ ಉಪ್ಪು ಏರುತ್ತದೆ ಎಂಬುದನ್ನು ಅದು ತಾನೇ ಪತ್ತೆಹಚ್ಚುತ್ತದೆ.

ಇಲ್ಲೊಂದು ಕಳ್ಳಾಟವಿದೆ. ಸೋಮವಾರ, ಬುಧವಾರದ ಲೆಕ್ಕ ಕಲಿಸಿ ಮಂಗಳವಾರದ ಪರೀಕ್ಷೆ ಕೊಟ್ಟರೆ ಯಾವ ಯಂತ್ರವೂ ಪಾಸು. ಕೇಳಬೇಕಾದ್ದು, ಅದು ಕಾಣದ ಬರಗಾಲದ ಬಗ್ಗೆ. ಕಾವೇರಿಯ ಕನ್ನಂಬಾಡಿ ಕಟ್ಟೆ 124.80 ಅಡಿ ತುಂಬಿದ ವರ್ಷಗಳನ್ನಷ್ಟೇ ಕಲಿತ ಯಂತ್ರ, ಕಟ್ಟೆ ತುಂಬದ 2023ರಂಥ ವರ್ಷಕ್ಕೆ ಏನು ಹೇಳೀತು?

ಮಂಡ್ಯದ ಚೌಳಿಗೂ ಇದೇ ವಿದ್ಯೆ ಹೊಂದುತ್ತದೆ. ಉಬ್ಬರವಿಳಿತದ ಜಾಗದಲ್ಲಿ ನಾಲೆಗೆ ನೀರು ಬಿಟ್ಟ ದಿನಗಳು, ಬೋರಿನ ನೀರಿನ ಮಟ್ಟ, ಉಪಗ್ರಹದ ಚಿತ್ರ ಬರುತ್ತವೆ. ಆದರೆ ಬಿಳಿ ಪದರ ಉಪಗ್ರಹಕ್ಕೆ ಕಾಣುವ ಹೊತ್ತಿಗೆ ರೈತನಿಗೂ ಕಂಡಿರುತ್ತದೆ! ಅದಕ್ಕೆ ಮೊದಲೇ ತಿಳಿಯಬೇಕಾದರೆ ಮಣ್ಣನ್ನೇ ಅಳೆಯಬೇಕು. 2015ರಲ್ಲಿ ಶುರುವಾದ ಮಣ್ಣು ಆರೋಗ್ಯ ಚೀಟಿಯಲ್ಲಿ ರಸಸಾರವೂ ಲವಣಾಂಶವೂ ಇವೆ. ಆದರೂ ಕೆಲವು ವರ್ಷಕ್ಕೊಂದು ಅಂಕಿ ಎಂದರೆ ಮದುವೆಯ ಒಂದು ಫೋಟೊ ನೋಡಿ ಸಂಸಾರದ ಕತೆ ಹೇಳಿದಂತೆ.

ಅಳತೆ ಕಷ್ಟದ್ದೇನಲ್ಲ. ಒಂದು ಪಾಲು ಮಣ್ಣಿಗೆ ಎರಡೂವರೆ ಪಾಲು ಬಟ್ಟಿ ಇಳಿಸಿದ ನೀರು ಹಾಕಿ ಕಲಕಿ, ತಿಳಿಯಾಗಲು ಬಿಟ್ಟು, ಪೆನ್ನಿನಂಥ ಮೀಟರನ್ನು ಅದ್ದಿದರೆ ಅಂಕಿ ಮೂಡುತ್ತದೆ. ಉಪ್ಪು ಹೆಚ್ಚಿದ್ದಷ್ಟೂ ವಿದ್ಯುತ್ತು ಸಲೀಸಾಗಿ ಹರಿಯುತ್ತದೆ, ಅಷ್ಟೇ ಗುಟ್ಟು. ಅಂಕಿಯ ಪಕ್ಕದಲ್ಲಿ ತಾರೀಕು, ಎಷ್ಟು ಆಳದ ಮಣ್ಣು, ನಾಲೆ ನೀರು ನಿಂತು ಎಷ್ಟು ದಿನವಾಯಿತು ಎಂಬುದನ್ನೂ ಬರೆಯಬೇಕು. ನೀರು ಹಾಯಿಸಿದ ಮಾರನೆಯ ದಿನ ಅದೇ ಗದ್ದೆಯ ಮೇಲ್ಮಣ್ಣು ಬೇರೆಯೇ ಲೆಕ್ಕ ಹೇಳುತ್ತದೆ.