ಸೌರ ಛಾಯಾಗ್ರಹಣದ ಚಿತ್ರದೋಷಗಳು

ಸೌರ ಛಾಯಾಗ್ರಹಣದ ಚಿತ್ರದೋಷಗಳು ಎಂದರೆ ದೂರದರ್ಶಕದ ಮೂಲಕ ತೆಗೆದ ಸೂರ್ಯನ ಚಿತ್ರದಲ್ಲಿ ಕಾಣಿಸಿಕೊಳ್ಳುವ, ಆದರೆ ಸೂರ್ಯನ ಮೇಲೆ ಇಲ್ಲದಿರುವ ಗುರುತುಗಳು. ಉಪಕರಣದ ಮೇಲಿನ ಧೂಳು, ಗಾಜಿನ ಪದರಗಳ ನಡುವಿನ ಪ್ರತಿಫಲನ, ಭೂಮಿಯ ವಾಯುಮಂಡಲದ ಚಲನೆ ಹಾಗೂ ಗಣಕಯಂತ್ರದಲ್ಲಿ ನಡೆಸುವ ಸಂಸ್ಕರಣೆ ಇವುಗಳ ಮುಖ್ಯ ಕಾರಣಗಳು. ಧೂಳಿನ ಕಣವೊಂದನ್ನು ಸೌರಕಲೆಯೆಂದು ದಾಖಲಿಸಿದರೆ ಆ ದಿನದ ಎಣಿಕೆಯೇ ತಪ್ಪಾಗುವುದರಿಂದ, ಹವ್ಯಾಸಿ ವೀಕ್ಷಕರು ಇವುಗಳನ್ನು ಗುರುತಿಸಲು ತಿಳಿದಿರುವುದು ಅಗತ್ಯ.

ಇತಿಹಾಸ

ಈ ಸಮಸ್ಯೆಯು ದೂರದರ್ಶಕದಷ್ಟೇ ಹಳೆಯದು. 1611ರಲ್ಲಿ ಜರ್ಮನಿಯ ಇಂಗೋಲ್‌ಸ್ಟಾಟ್‌ನಲ್ಲಿ ಸೌರಕಲೆಗಳನ್ನು ಕಂಡ ಜೆಸ್ಯೂಟ್ ಪಾದ್ರಿ ಕ್ರಿಸ್ಟಫ್ ಶೈನರ್, ಅವು ಮಸೂರದ ದೋಷಗಳಾಗಿರಬಹುದೇ ಎಂದು ಮೊದಲು ಪರೀಕ್ಷಿಸಿದನು. ಕೊಳವೆಯನ್ನು ತಿರುಗಿಸಿದರೂ ಕಲೆಗಳು ಅದರೊಂದಿಗೆ ತಿರುಗಲಿಲ್ಲ; ಬೇರೆ ದೂರದರ್ಶಕಗಳಲ್ಲಿಯೂ ಅವೇ ಕಲೆಗಳು ಕಂಡವು. ಅವು ಸೂರ್ಯನನ್ನು ಸುತ್ತುವ ಚಿಕ್ಕ ಕಾಯಗಳೆಂಬ ಅವನ ಅಭಿಪ್ರಾಯವು ನಿಲ್ಲಲಿಲ್ಲವಾದರೂ, ಪರೀಕ್ಷೆಯ ಕ್ರಮವು ಇಂದಿಗೂ ಉಪಯುಕ್ತವಾಗಿದೆ.

ಸುರಕ್ಷತೆ

ದೋಷವನ್ನು ಹುಡುಕುವಾಗ ದೂರದರ್ಶಕದ ಮುಂಭಾಗದ ಸೌರ ಫಿಲ್ಟರನ್ನು ಯಾವ ಕಾರಣಕ್ಕೂ ತೆಗೆಯಬಾರದು. ಕಣ್ಣಿನಿಂದ ನೋಡಲು ಬಳಸುವ ಫಿಲ್ಟರು ಬೆಳಕನ್ನು ಸುಮಾರು ಒಂದು ಲಕ್ಷದಲ್ಲಿ ಒಂದು ಭಾಗಕ್ಕೆ ಇಳಿಸುತ್ತದೆ. ಛಾಯಾಗ್ರಹಣಕ್ಕೆಂದೇ ತಯಾರಾದ, ಹೆಚ್ಚು ಬೆಳಕನ್ನು ಬಿಡುವ ಫಿಲ್ಟರುಗಳ ಮೂಲಕ ನೇರವಾಗಿ ನೋಡುವುದು ಕಣ್ಣಿಗೆ ಅಪಾಯಕಾರಿ. ಪರೀಕ್ಷೆಗಳನ್ನೆಲ್ಲ ಗಣಕಯಂತ್ರದ ಪರದೆಯ ಮೇಲೆ ನೋಡಿಯೇ ಮಾಡಬೇಕು. ಬಿಡಿಭಾಗಗಳನ್ನು ಬಿಚ್ಚುವ ಮೊದಲು ದೂರದರ್ಶಕವನ್ನು ಸೂರ್ಯನಿಂದ ಬೇರೆಡೆಗೆ ತಿರುಗಿಸಬೇಕು.

ಪತ್ತೆಹಚ್ಚುವ ವಿಧಾನ

ಒಂದು ಸಲಕ್ಕೆ ಒಂದನ್ನೇ ಬದಲಿಸಿ, ಗುರುತು ಯಾವುದರೊಂದಿಗೆ ಚಲಿಸುತ್ತದೆ ಎಂಬುದನ್ನು ಗಮನಿಸುವುದು ಮೂಲತತ್ತ್ವ.

1. ದೂರದರ್ಶಕವನ್ನು ಸ್ವಲ್ಪ ಸರಿಸಬೇಕು. ಗುರುತು ಸೂರ್ಯಬಿಂಬದೊಂದಿಗೆ ಸರಿದರೆ ಅದು ಸೂರ್ಯನದಾಗಿರುವ ಸಂಭವ ಹೆಚ್ಚು. ಬಿಂಬ ಸರಿದರೂ ಗುರುತು ಪರದೆಯ ಮೇಲೆ ನಿಂತಲ್ಲೇ ಇದ್ದರೆ ಅದು ಉಪಕರಣದ್ದು.
2. ನಿಂತಲ್ಲೇ ಇರುವ ಗುರುತಿಗಾಗಿ ಕ್ಯಾಮೆರಾವನ್ನು ಮಾತ್ರ ತಿರುಗಿಸಬೇಕು. ಆಗಲೂ ಅದು ಸ್ಥಾನ ಬದಲಿಸದಿದ್ದರೆ ದೋಷವು ಕ್ಯಾಮೆರಾದಲ್ಲಿದೆ. ಬದಲಿಸಿದರೆ ಕ್ಯಾಮೆರಾಕ್ಕಿಂತ ಮುಂದಿರುವ ಮಸೂರ ಅಥವಾ ಫಿಲ್ಟರಿನಲ್ಲಿದೆ.

ಸಾಮಾನ್ಯ ದೋಷಗಳು

ನ್ಯೂಟನ್ ಉಂಗುರಗಳು: ಹೈಡ್ರೋಜನ್-ಆಲ್ಫಾ ಚಿತ್ರಣದಲ್ಲಿ 656.28 ನ್ಯಾನೊಮೀಟರ್ ತರಂಗಾಂತರದ ಸುತ್ತಲಿನ ಅತಿ ಕಿರಿದಾದ ಪಟ್ಟಿಯ ಬೆಳಕನ್ನಷ್ಟೇ ಬಳಸಲಾಗುತ್ತದೆ. ಕ್ಯಾಮೆರಾದ ಸಂವೇದಕ ಹಾಗೂ ಅದರ ಮೇಲಿನ ರಕ್ಷಕ ಗಾಜಿನ ನಡುವೆ ಪ್ರತಿಫಲಿಸುವ ಈ ಬೆಳಕು ವ್ಯತಿಕರಣಗೊಂಡು ಬಾಗಿದ ಅಥವಾ ನೇರ ಪಟ್ಟೆಗಳನ್ನು ಮೂಡಿಸುತ್ತದೆ. ಓರೆಗೊಳಿಸುವ ಅಡಾಪ್ಟರ್ ಮೂಲಕ ಕ್ಯಾಮೆರಾವನ್ನು ಕೆಲವು ಡಿಗ್ರಿಗಳಷ್ಟು ವಾಲಿಸಿದರೆ ಪಟ್ಟೆಗಳು ಕಿರಿದಾಗಿ ಮಾಯವಾಗುತ್ತವೆ. ಹೆಚ್ಚು ವಾಲಿಸಿದರೆ ಚಿತ್ರದ ಒಂದು ಬದಿ ಮಸುಕಾಗುತ್ತದೆ.

ಧೂಳಿನ ನೆರಳು: ಸಂವೇದಕಕ್ಕೆ ಹತ್ತಿರವಿರುವ ಕಣದ ನೆರಳು ಚಿಕ್ಕದಾಗಿ ಸ್ಪಷ್ಟವಾಗಿರುತ್ತದೆ, ದೂರದ ಕಣದ್ದು ದೊಡ್ಡದಾಗಿ ಮಬ್ಬಾಗಿರುತ್ತದೆ. ಸ್ವಚ್ಛಗೊಳಿಸಿದರೂ ಉಳಿದರೆ ಸಮತಲ ಚಿತ್ರದಿಂದ, ಅಂದರೆ ವಿವರಗಳಿಲ್ಲದೆ ಸಮನಾಗಿ ಬೆಳಗಿದ ಚಿತ್ರದಿಂದ, ಸರಿಪಡಿಸಬಹುದು. ಬಿಂಬದ ನಡುಭಾಗವನ್ನು ತೀರ ಮಸುಕಾಗುವಷ್ಟು ನಾಭೀಕರಣದಿಂದ ತಪ್ಪಿಸಿ ಇದನ್ನು ತೆಗೆಯುವುದು ರೂಢಿ. ಹೀಗೆ ಸರಿಪಡಿಸದ ಫ್ರೇಮ್‌ಗಳನ್ನು ಒಟ್ಟುಗೂಡಿಸಿದಾಗ, ಬಿಂಬವು ಸರಿಯುತ್ತಿದ್ದರೆ ಪ್ರತಿ ಕಣವೂ ಗೆರೆಯಾಗಿ ಎಳೆದುಕೊಳ್ಳುತ್ತದೆ.

ಅಸಮ ಬೆಳಕು: ಹೈಡ್ರೋಜನ್-ಆಲ್ಫಾ ದೂರದರ್ಶಕಗಳಲ್ಲಿ ತರಂಗಾಂತರದ ಹೊಂದಾಣಿಕೆ ಇಡೀ ದೃಷ್ಟಿಕ್ಷೇತ್ರದಲ್ಲಿ ಒಂದೇ ಸಮನಾಗಿರುವುದಿಲ್ಲ. ಇದರಿಂದ ಬಿಂಬದ ಒಂದು ಭಾಗದಲ್ಲಿ ಮಾತ್ರ ವಿವರಗಳು ಎದ್ದು ಕಾಣುತ್ತವೆ. ಭಾಗಭಾಗವಾಗಿ ಚಿತ್ರಿಸಿ ಜೋಡಿಸುವುದು ಪರಿಹಾರಗಳಲ್ಲೊಂದು.

ವಾಯುಮಂಡಲದ ಅಲುಗಾಟ: ಬಿಸಿಲಿಗೆ ಕಾದ ನೆಲ ಮತ್ತು ತಾರಸಿಗಳಿಂದ ಏಳುವ ಬಿಸಿಗಾಳಿಯು ಬಿಂಬದ ಅಂಚನ್ನು ಅಲೆಯಾಡಿಸುತ್ತದೆ. ಇದಕ್ಕಾಗಿ ವಿಡಿಯೊ ತೆಗೆದು, ಅತ್ಯಂತ ಸ್ಪಷ್ಟವಾದ ಫ್ರೇಮ್‌ಗಳನ್ನಷ್ಟೇ ಆಯ್ದು ಒಟ್ಟುಗೂಡಿಸುತ್ತಾರೆ. ನೆಲ ಕಾಯುವ ಮುನ್ನ, ಬೆಳಗಿನ ಹೊತ್ತು ಚಿತ್ರಿಸುವುದು ಹಲವೆಡೆ ಅನುಕೂಲಕರ.

ಅತಿ ಹರಿತಗೊಳಿಸುವಿಕೆ: ಸಂಸ್ಕರಣೆ ಮಿತಿಮೀರಿದಾಗ ಬಿಂಬದ ಅಂಚಿನಲ್ಲಿ ಕೃತಕ ಗೆರೆಯೂ ಮೇಲ್ಮೈಯಲ್ಲಿ ಕಾಳುಕಾಳಾದ ರಚನೆಯೂ ಮೂಡುತ್ತವೆ. 60 ಮಿಲಿಮೀಟರ್ ವ್ಯಾಸದ ದೂರದರ್ಶಕವು ಗೋಚರ ಬೆಳಕಿನಲ್ಲಿ ಸುಮಾರು 2.3 ಆರ್ಕ್‌ಸೆಕೆಂಡ್‌ಗಿಂತ ಸೂಕ್ಷ್ಮ ವಿವರಗಳನ್ನು ಬೇರ್ಪಡಿಸಲಾರದು. ಸೂರ್ಯನ ಮೇಲೆ ಇದು ಸುಮಾರು 1,700 ಕಿಲೋಮೀಟರ್. ಸೌರಕಣಗಳ ಸಾಮಾನ್ಯ ಅಗಲವೇ ಸುಮಾರು 1,000 ಕಿಲೋಮೀಟರ್. ಅಂತಹ ಚಿತ್ರದಲ್ಲಿ ಅವು ಒಂದೊಂದಾಗಿ ಸ್ಪಷ್ಟವಾಗಿ ಕಂಡರೆ ಸಂದೇಹಪಡಬೇಕು. ನಿಜವಾದ ಸೌರಕಣಗಳು ಹಲವು ನಿಮಿಷ ಉಳಿಯುವುದರಿಂದ, ಒಂದು ನಿಮಿಷದ ಅಂತರದ ಎರಡು ವಿಡಿಯೊಗಳನ್ನು ಹೋಲಿಸಿ ನೋಡಬಹುದು.

ದೋಷವಲ್ಲದ ಲಕ್ಷಣಗಳು

ಬಿಳಿ ಬೆಳಕಿನ ಚಿತ್ರದಲ್ಲಿ ಬಿಂಬವು ಅಂಚಿನತ್ತ ಮಂಕಾಗುವುದು ಸೂರ್ಯನ ನಿಜವಾದ ಗುಣ. ಅಂಚಿನಲ್ಲಿ ನಮ್ಮ ದೃಷ್ಟಿ ತಲುಪುವುದು ಮೇಲಿನ, ಹೆಚ್ಚು ತಂಪಾದ ಪದರಗಳನ್ನು. ಅಂಚಿನ ಬಳಿ ಕಾಣುವ ಬೆಳ್ಳನೆಯ ಮಚ್ಚೆಗಳೂ ನೈಜ ರಚನೆಗಳೇ. ಇವನ್ನು ದೋಷವೆಂದು ಅಳಿಸಿದರೆ ಚಿತ್ರವು ಅಂದವಾಗಿ ಕಂಡರೂ ದಾಖಲೆಯಾಗಿ ಅದರ ಬೆಲೆ ಕುಂದುತ್ತದೆ. ಆದ್ದರಿಂದ ಸಂಸ್ಕರಿಸದ ಮೂಲ ವಿಡಿಯೊವನ್ನು ದಿನಾಂಕ ಮತ್ತು ವೇಳೆಯೊಡನೆ ಉಳಿಸಿಕೊಳ್ಳುವುದು ಉತ್ತಮ.